ಮೂರನೆಯವಳಾದರೂ ಸಾಕಿತ್ತು

ಸಂತೆಗುಳಿಯ ಕಲ್ಪನಾ ಗೌಡ ಕೂತಲ್ಲಿ ಕೂರುವ ಹೆಂಗಸಲ್ಲ. ಸೈಕಲ್ಲಿಗೆ ಸೊಪ್ಪಿನ ಬುಟ್ಟಿ ಕಟ್ಟಿಕೊಂಡು ಕುಮಟೆಗೆ ಬರುತ್ತಾಳೆ, ಮಾರುತ್ತಾಳೆ, ಚಾ ಕುಡಿಯುವುದೂ ನಿಂತೇ. ಒಮ್ಮೆ ಬಣ್ಣದ ಅಂಗಿಯ ರೇಸ್ ಸವಾರರನ್ನು ಬುಟ್ಟಿ ಸಮೇತ ಹಿಂದೆ ಹಾಕಿ ಬಂದಳು. ನೋಡಿದವನು ನಾನು, ಬಸ್‌ಸ್ಟ್ಯಾಂಡ್ ಹತ್ತಿರ ಸೈಕಲ್ ರಿಪೇರಿ ಮಾಡುವವನು. ಹಳೆಯ ರೇಸ್ ಸೈಕಲ್ಲೊಂದನ್ನು ಸರಿಮಾಡಿ, ಬೈದು, ಅವಳನ್ನು ಹತ್ತಿಸಿದೆ.

ಈ ಸಲದ ಜಿಲ್ಲಾ ಸೈಕಲ್ ಸ್ಪರ್ಧೆ ಒಂದೇ ಓಟವಲ್ಲ, ಸರಣಿ. ಭಟ್ಕಳ, ಹೊನ್ನಾವರ, ಕಡೆಗೆ ಕುಮಟಾ. ಮೊದಲು ಬಂದವರಿಗೆ ಹತ್ತು ಅಂಕ, ಆಮೇಲೆ ಏಳು, ಐದು, ಮೂರು. ಎಲ್ಲ ಕೂಡಿಸಿ ಯಾರದು ಹೆಚ್ಚೋ ಅವರೊಬ್ಬರೇ ರಾಜ್ಯಮಟ್ಟಕ್ಕೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಇದು ತಲೆಗೆ ಹೋಗಲು ಸಂಘಟಕರ ಜೊತೆ ಎರಡು ಸಲ ಜಗಳ ಆಡಬೇಕಾಯಿತು.

ಮೊದಲೆರಡು ಕಡೆ ಕಲ್ಪನಾಳೇ ಗೆದ್ದಳು. ಇಪ್ಪತ್ತು. ಹೊನ್ನಾವರದ ಸುಚಿತಾ ಎರಡೂ ಕಡೆ ಎರಡನೆಯವಳು. ಹದಿನಾಲ್ಕು. ಕುಮಟೆಯಲ್ಲಿ ಸುಚಿತಾ ಗೆದ್ದರೂ ಇಪ್ಪತ್ನಾಲ್ಕು. ಕಲ್ಪನಾ ಮೂರನೆಯವಳಾದರೆ ಇಪ್ಪತ್ತೈದು. ನಾಲ್ಕನೆಯವಳಾದರೆ ಮಾತ್ರ ಕೆಟ್ಟಿತು.

ಅವಳ ಗಂಡ ರವೀಂದ್ರನನ್ನು ಕಡೆಯ ತಿರುವಿನಲ್ಲಿ ನಿಲ್ಲಿಸಿದೆವು. ಎಷ್ಟನೆಯವಳೆಂದು ಎಣಿಸಿ ಕೂಗಬೇಕು, ಅಷ್ಟೇ ಕೆಲಸ. ಮಿರ್ಜಾನಿನಿಂದ ದಾರಿಯುದ್ದಕ್ಕೂ ಎದುರುಗಾಳಿ. ತಿರುವಿಗೆ ಬರುವಾಗ ಮುಂದೆ ಸುಚಿತಾ, ಅವಳ ಹಿಂದೆ ಇನ್ನೊಬ್ಬಳು, ಮೂರನೆಯವಳು ಕಲ್ಪನಾ. ರವೀಂದ್ರ ಕೈ ಎತ್ತಿ ಕೂಗಿದ್ದು ಒಂದೇ ಮಾತು: "ಆತು, ಆತು."

ನಾಟಿ ಗದ್ದೆಯಲ್ಲಿ ಅವಳ ಅತ್ತೆ ಚೌಡಮ್ಮ ಆತು ಅಂದರೆ ಕೆಲಸ ಮುಗಿಯಿತೆಂದು ಸಸಿ ಕೈಬಿಟ್ಟು ಎಲ್ಲರೂ ಬೆನ್ನು ನೆಟ್ಟಗೆ ಮಾಡುತ್ತಾರೆ. ಮುಂದೆ ಬಾಳೆಕಂಬದ ಸ್ವಾಗತ ಕಮಾನು ಬೇರೆ ಇತ್ತು. ಅದನ್ನು ದಾಟಿದ್ದೇ ಓಟ ಮುಗಿಯಿತೆಂದು ಕಲ್ಪನಾ ತುಳಿಯುವುದನ್ನು ಬಿಟ್ಟು ಬೆನ್ನು ನೆಟ್ಟಗೆ ಮಾಡಿದಳು. ಬಿಳಿ ಗೆರೆ ಇನ್ನೂ ಮುಂದಿತ್ತು. ಪಕ್ಕದಿಂದ ಒಬ್ಬಳು ಸರಕ್ಕನೆ ಹೋದಳು.

ನಾಲ್ಕನೆಯವಳು. ಮೂರು ಅಂಕ. ಇಪ್ಪತ್ಮೂರು. ಗೆದ್ದ ಸುಚಿತಾಳದು ಇಪ್ಪತ್ನಾಲ್ಕು.

"ನೀ ಆತು ಅಂದೆ ಅಲ್ದಾ?" ಕಲ್ಪನಾ ಗಂಡನನ್ನು ಕೇಳಿದಳು.

"ಮೂರನೇದು, ಅಷ್ಟಾರೆ ಸಾಕು ಅಂತ ಆತು ಅಂದೆ ಮಾರಾಯ್ತಿ. ನಿಲ್ಸು ಅಂದ್ನನಾ?"

ನಾನು ತೀರ್ಪುಗಾರರ ಮೇಜಿಗೆ ಹೋಗಿ ಗುದ್ದಿದೆ. ಎರಡು ಗೆದ್ದವಳು ಕೆಳಗೆ, ಒಂದು ಗೆದ್ದವಳು ಮೇಲೆ, ಇದೆಂತ ನ್ಯಾಯ? ಗೆದ್ದ ಲೆಕ್ಕ ನೋಡುವುದು ಅಂಕ ಸಮವಾದಾಗ ಮಾತ್ರ ಎಂದರು ಆ ಮನುಷ್ಯ, ಸಿಟ್ಟಿಲ್ಲದೆ. ಅದೇ ನನ್ನನ್ನು ಹೆಚ್ಚು ಉರಿಸಿತು.

ಕಲ್ಪನಾ ನನ್ನ ತೋಳು ಹಿಡಿದು ಬದಿಗೆ ಸರಿಸಿದಳು. ಈ ಅಂಕ ಬರುವ ವರ್ಷಕ್ಕೂ ಇರುತ್ತದೋ ಎಂದು ಅವರನ್ನೇ ಕೇಳಿದಳು. ಇಲ್ಲ, ಎಲ್ಲರದೂ ಅಳಿಸಿಹೋಗುತ್ತದೆ ಎಂದರು.

"ಸುಚಿತಂದೂ?"

"ಅವಳದೂ."

ಒಟ್ಟು ಅಂಕದ ಎರಡನೇ ಸ್ಥಾನಕ್ಕೆ ಕಲ್ಪನಾಳ ಹೆಸರು ಮೈಕಿನಲ್ಲಿ ಕೂಗುತ್ತಿದ್ದರು. ಅವಳು ಆಗಲೇ ಸೈಕಲ್ ಏರಿದ್ದಳು. ಮನೆಗೆ ಹೋಗಲು ಟೆಂಪೋ ಇದೆ ಎಂದು ನಾನು ಹಿಂದೆ ಓಡಿದೆ. ಅವಳು ತಿರುಗಿ ನೋಡಲಿಲ್ಲ, ತುಳಿಯುವುದನ್ನು ನಿಲ್ಲಿಸಲೂ ಇಲ್ಲ.