ಮೇಷ್ಟ್ರ ತಾರಸಿಯ ಬಿಸಿಲು

ಮೈಸೂರಿಗೆ ಹೊರಟವನು ಊಟಕ್ಕೆಂದು ಕೆಂಗೇರಿಯಲ್ಲಿ ನಂಜಪ್ಪ ಮೇಷ್ಟ್ರ ಮನೆಗೆ ಇಳಿದೆ. ಎಂಟು ವರ್ಷದಿಂದ ಈ ಮನೆಗೆ ಕರೆಂಟ್ ಲೈನೇ ಇಲ್ಲ. ತಾರಸಿಯ ಸೋಲಾರ್, ಪುಟ್ಟ ಗಾಳಿಯಂತ್ರ, ಅಷ್ಟರಲ್ಲೇ ಸಂಸಾರ. ಇವತ್ತು ಫ್ಯಾನು ತೆವಳುತ್ತಿತ್ತು.

"ಗಾಳಿ ಇಲ್ಲ, ಸರಿ. ಬಿಸಿಲು ಹೀಗೆ ಸುಡ್ತಿದ್ರೂ ಮೂರು ದಿನದಿಂದ ಬ್ಯಾಟರಿ ತುಂಬ್ತಾ ಇಲ್ವಲ್ರೀ," ಎಂದು ಮೇಷ್ಟ್ರು ಮಂಡಿನೋವನ್ನೂ ಮರೆತು ತಾರಸಿ ಹತ್ತಿದರು. ಹಿಂದೆಯೇ ನಾನು.

ಸೋಲಾರ್ ಹಲಗೆಗಳ ಉದ್ದಕ್ಕೂ ಅವರದೇ ಪಂಚೆ ಬಿಗಿದು ಕಟ್ಟಿತ್ತು. ಪಂಚೆಯ ತುಂಬ ಅಕ್ಕಿ ಸಂಡಿಗೆ. ಅವರ ಹೆಂಡತಿ ಕೊಡೆ ಹಿಡಿದು ಕಾಗೆ ಓಡಿಸುತ್ತಿದ್ದರು.

"ಏನೇ ಇದು?"

"ಮನೇಲಿ ಎಲ್ಲಕ್ಕಿಂತ ಜಾಸ್ತಿ ಬಿಸಿಲು ಬೀಳೋದು ಇಲ್ಲೇ ಅಂತ ನೀವೇ ತಾನೇ ಊರಿಗೆಲ್ಲ ಹೇಳೋದು?"

ಊಟದ ನಡುವೆ ಫ್ಯಾನು ನಿಂತೇಹೋಯಿತು. ಮೇಷ್ಟ್ರು ಬೆವರು ಒರೆಸಿಕೊಂಡು, ಮೊನ್ನೆ ಅಲ್ಲೇ ಒಣಗಿದ್ದ ಸಂಡಿಗೆಯನ್ನು ಎರಡನೇ ಸಲ ಹಾಕಿಸಿಕೊಂಡರು.