ಶೇಂಗಾ ಎಣ್ಣೆ ಸವರಿದ ತೊಟ್ಟಿ

ಎಪ್ಪತ್ತರ ದಶಕದ ಮಧ್ಯದಲ್ಲಿ ನಾನು ಆಕಾಶ ದಿನಕ್ಕೆ ಎಷ್ಟು ನೀರು ಕುಡಿಯುತ್ತದೆ ಎಂದು ಅಳೆಯುವ ನೌಕರಿಯಲ್ಲಿದ್ದೆ. ಕೇಳುವುದಕ್ಕಷ್ಟೇ ದೊಡ್ಡ ಕೆಲಸ. ಸಿರುಗುಪ್ಪದಿಂದ ತೆಕ್ಕಲಕೋಟೆಗೆ ಹೋಗುವ ರಸ್ತೆಯ ಪಕ್ಕದಲ್ಲಿ ಭತ್ತದ ಪ್ರಯೋಗ ನಡೆಸುವ ಒಂದು ಜಮೀನಿತ್ತು. ಅಲ್ಲಿ ಮರದ ಚೌಕಟ್ಟಿನ ಮೇಲೆ ಅಗಲವಾದ ತಗಡಿನ ತೊಟ್ಟಿ ಕೂರಿಸಿದ್ದರು. ದಿನಾ ಬೆಳಗ್ಗೆ ಅದರ ನೀರು ಎಷ್ಟು ಇಳಿದಿದೆ ಎಂದು ನೋಡಿ, ಪುಸ್ತಕದಲ್ಲಿ ಬರೆದು, ಮತ್ತೆ ಗುರುತಿನ ತನಕ ತುಂಬುವುದು ನನ್ನ ಪಾಲಿನ ವಿಜ್ಞಾನ. ತೊಟ್ಟಿಯಿಂದ ಆವಿಯಾಗಿ ಹೋದದ್ದನ್ನು ನೋಡಿ ಭತ್ತದ ಎಲೆ ಮತ್ತು ಗದ್ದೆಯ ಕೆಸರು ಎಷ್ಟು ನೀರನ್ನು ಗಾಳಿಗೆ ಬಿಟ್ಟಿವೆ ಎಂದು ಅಂದಾಜು ಮಾಡುತ್ತಿದ್ದರು. ಡಿಪ್ಲೊಮಾ ಮುಗಿಸಿ ಕುರುಗೋಡಿನಿಂದ ಬಂದಿದ್ದ ನನಗೆ, ಭೂಮಿ ಆಕಾಶಗಳ ಕೊಡುಕೊಳ್ಳುವಿಕೆಯೆಲ್ಲ ನನ್ನ ಸಹಿಯ ಮೇಲೆಯೇ ನಡೆಯುತ್ತಿದೆ ಎಂಬ ಭ್ರಮೆ ಇತ್ತು.

ನನ್ನ ಸಾಹೇಬರು ಇನ್ನೂ ದೊಡ್ಡವರು. ಸೋಮವಾರ ಬಳ್ಳಾರಿಯಿಂದ ಜೀಪಿನಲ್ಲಿ ಬಂದು, ಕೌಲ್ ಬಜಾರಿನಲ್ಲಿ ಹೊಲಿಸಿದ ಬಿಳಿ ಪ್ಯಾಂಟಿಗೆ ಕೆಸರು ತಾಗದ ಹಾಗೆ ಬದುವಿನ ಮೇಲೆಯೇ ನಿಂತು ಬೆಳೆ ಪರೀಕ್ಷಿಸಿ, ಊಟದ ಹೊತ್ತಿಗೆ ವಾಪಸಾಗುತ್ತಿದ್ದರು. ಅವರು ಗದ್ದೆಗೆ ಇಳಿದದ್ದನ್ನು ನಾನಂತೂ ಕಂಡಿಲ್ಲ. ಕಳೆ ಕೀಳಲು ಬರುತ್ತಿದ್ದ ಹೆಂಗಸರಲ್ಲಿ ಹಿರಿಯಳೊಬ್ಬಳು, ಕೆಸರು ತುಳಿದಾಗ ಗುಳುಗುಳು ಏಳುವ ಗುಳ್ಳೆಗಳನ್ನು ತೋರಿಸಿ, ಈ ಗಾಳಿಯನ್ನೂ ಬರೆದುಕೊಳ್ಳುತ್ತೀರೇನು ಎಂದು ಅವರನ್ನು ಒಮ್ಮೆ ಕೇಳಿದಳು. ಕೊಳೆತದ್ದನ್ನು ತಿಂದು ನೆಲ ತೇಗುತ್ತದೆ ಎಂಬುದು ಅವಳ ವಿವರಣೆ. ಸಾಹೇಬರು ನಕ್ಕರು. ಅವರು ನಕ್ಕರೆಂದು ನಾನೂ ನಕ್ಕೆ. ಈಗ ಅದೇ ತೇಗಿಗೆ ಮೀಥೇನ್ ಎಂದು ಹೆಸರು ಹೇಳಿ, ಭೂಮಿ ಬಿಸಿಯಾಗಲು ಅದೂ ಕಾರಣವೆಂದು ಗದ್ದೆಯಲ್ಲಿ ಪೆಟ್ಟಿಗೆ ಕವುಚಿಟ್ಟು ಅಳೆಯುತ್ತಾರಂತೆ. ಪೈರು ಗಾಳಿಯಿಂದ ಎಳೆದುಕೊಳ್ಳುವ ಇಂಗಾಲವನ್ನೂ ಉಪಕರಣ ಕಟ್ಟಿದ ಕಂಬ ನೆಟ್ಟು ಅಳೆಯುತ್ತಾರಂತೆ. ನಮ್ಮ ಪುಸ್ತಕದಲ್ಲಿ ಅವಕ್ಕೆ ಕಾಲಮ್ಮೇ ಇರಲಿಲ್ಲ. ಕಾಲಮ್ಮಿಲ್ಲದ್ದು ಲೋಕದಲ್ಲೂ ಇಲ್ಲ ಎಂದು ನಾವಿಬ್ಬರೂ ನಂಬಿದ್ದೆವು.

ಆ ಹಿರಿಯಳಿಗೆ ನಮ್ಮ ಜಮೀನಿನ ಕೆಳಗೆ ಒಂದೆಕರೆ ಗದ್ದೆಯಿತ್ತು. ನಮ್ಮದಕ್ಕೂ ಅವಳದಕ್ಕೂ ಕಾಲುವೆಯ ತೂಬು ಒಂದೇ, ನೀರು ಕಟ್ಟಕಡೆಗೆ ಮುಟ್ಟುತ್ತಿದ್ದುದು ಅವಳದಕ್ಕೆ. ಆ ವರ್ಷ ಸಾಹೇಬರು ಹೊಸ ಪ್ರಯೋಗ ಹೂಡಿದ್ದರು. ತೊಟ್ಟಿಯ ನೀರು ಒಂದು ದಿನದಲ್ಲಿ ಇಷ್ಟು ಇಳಿದರೆ ಮಾತ್ರ ನಾನು ಚೀಟಿ ಬರೆಯಬೇಕು, ಚೀಟಿ ಮುಟ್ಟಿದರೆ ಮಾತ್ರ ನೀರುಗಂಟಿ ತೂಬು ಎತ್ತಬೇಕು.

ಅಷ್ಟರಲ್ಲಿ ಆಯುಧಪೂಜೆ ಬಂತು. ಕುರುಗೋಡಿನ ನಮ್ಮ ಮನೆಯಲ್ಲಿ ಕುಡುಗೋಲು, ಕೊಡಲಿ, ಬಂಡಿಯ ಅಚ್ಚು ಎಲ್ಲವನ್ನೂ ತೊಳೆದು, ಎಣ್ಣೆ ಸವರಿ, ವಿಭೂತಿ ಹಚ್ಚಿ ಪೂಜೆಗಿಡುವುದು ರೂಢಿ. ನನ್ನ ಆಯುಧ ತೊಟ್ಟಿ ತಾನೆ. ಅದನ್ನು ಬರಿದು ಮಾಡಿ ಉಜ್ಜಿ, ಒಳಗೂ ಹೊರಗೂ ಶೇಂಗಾ ಎಣ್ಣೆ ಸವರಿ, ಮೂರು ಬೆರಳಿನಿಂದ ವಿಭೂತಿ ಎಳೆದು, ಮತ್ತೆ ನೀರು ತುಂಬಿದೆ. ತಗಡು ಹೊಸದರಂತೆ ಹೊಳೆಯಿತು. ಪೂಜೆಗೆ ಬಂದ ಸಾಹೇಬರು ಉಪಕರಣವನ್ನು ಹೀಗೆ ಇಟ್ಟುಕೊಳ್ಳಬೇಕು ಎಂದು ಎಲ್ಲರೆದುರು ಹೊಗಳಿದರು. ನಾನು ಉಬ್ಬಿಹೋದೆ.

ಮರುದಿನದಿಂದ ತೊಟ್ಟಿಯ ನೀರು ಇಳಿಯುವುದು ಹೆಚ್ಚುಕಡಿಮೆ ನಿಂತೇ ಹೋಯಿತು. ಮೋಡದ ಸುಳಿವಿಲ್ಲ, ಒಣಗಾಳಿಗೆ ತುಟಿ ಒಡೆಯುತ್ತಿತ್ತು. ಆದರೂ ನಾನು ಕಂಡದ್ದನ್ನು ಬರೆದೆ. ಸಾಹೇಬರು ಅದನ್ನು ಓದಿ, ಗಾಳಿಯಲ್ಲಿ ತೇವ ಹೆಚ್ಚಿದೆ, ಬೆಳೆಯ ಬಾಯಾರಿಕೆ ತಗ್ಗಿದೆ ಎಂದು ಷರಾ ಬರೆದರು. ಒಡೆದ ತುಟಿಗೆ ವ್ಯಾಸಲೀನ್ ಹಚ್ಚಿಕೊಂಡೇ ಬರೆದರು. ಚೀಟಿ ಹೋಗಲಿಲ್ಲ, ತೂಬು ಏಳಲಿಲ್ಲ. ಮೇಲಿದ್ದ ನಮ್ಮ ಗದ್ದೆಗಳಲ್ಲಿ ಇನ್ನೂ ಕೆಸರಿತ್ತು.

ಆ ಹಿರಿಯಳು ತೊಟ್ಟಿಯ ಹತ್ತಿರವೇ ಬಂದು ನನ್ನೆದುರು ನಿಂತಳು. "ಸಾಹೇಬ್ರ, ತೆನಿ ಹಾಲು ಕಟ್ಟೋ ಹೊತ್ತು. ಗದ್ದಿ ಬಾಯಿ ಬಿಟ್ಟೈತ್ರಿ. ಒಂದು ದಿನ ನೀರು ಬಿಡಸ್ರಿ."

"ತೊಟ್ಟಿ ಇಳದಿಲ್ಲವ್ವ. ಕಣ್ಣು ಸುಳ್ಳು ಹೇಳತಾವ, ಅಳತಿ ಹೇಳಂಗಿಲ್ಲ," ಎಂದೆ. ಹೇಳಿದ ಠೀವಿ ನೆನೆದರೆ ಈಗಲೂ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಅವಳು ಜಗಳಕ್ಕೆ ಬರಲಿಲ್ಲ. "ಬೇಲಿ ಮ್ಯಾಲೆ ಹಾಕಿದ ಹಸಿ ಸೀರಿ ಒಂದು ಸಾಲು ಕಳೆ ಕೀಳೋದ್ರಾಗ ಒಣಗತೈತ್ರಿ," ಎಂದಳು. "ನಿಮ್ಮ ತೊಟ್ಟಿ ನೀರು ಯಾಕ ಒಣಗವಲ್ದು?"

ಅವಳು ಹೋದ ಮೇಲೆ ತೊಟ್ಟಿಯೊಳಗೆ ಬಗ್ಗಿ ನೋಡಿದೆ. ನೀರಿನ ಮೇಲೆ ಬಣ್ಣಬಣ್ಣದ ತೆಳು ಪೊರೆ. ಬೆರಳದ್ದಿ ಮೂಸಿದೆ. ಶೇಂಗಾ ಎಣ್ಣೆ. ಆಕಾಶಕ್ಕೂ ನೀರಿಗೂ ನಡುವೆ ನಾನೇ ಮುಚ್ಚಳ ಹಾಕಿದ್ದೆ.

ಯಾರಿಗೂ ಹೇಳದೆ ನೀರು ಚೆಲ್ಲಿ, ಸೀಗೆಪುಡಿ ಹಾಕಿ ಉಜ್ಜಿ ತುಂಬಿದೆ. ಮರುದಿನ ಬೆಳಗ್ಗೆ ನೀರು ಮೊದಲಿನಂತೆ ಸರಿಯಾಗಿ ಇಳಿದಿತ್ತು. ಅದನ್ನು ಇದ್ದಂತೆ ಬರೆದಿದ್ದರೆ ಅಂದೇ ಚೀಟಿ ಹೋಗುತ್ತಿತ್ತು. ಆದರೆ ಒಂದೇ ದಿನದಲ್ಲಿ ಅಂಕಿ ಅಷ್ಟು ಏರಿದ್ದು ಹೇಗೆ ಎಂದು ಸಾಹೇಬರು ಕೇಳುತ್ತಾರೆ, ಎಲ್ಲರೆದುರು ಹೊಗಳಿದ ಬಾಯಲ್ಲೇ ಬೈಯುತ್ತಾರೆ. ಹಾಗಾಗಿ ಮೊದಲ ದಿನ ಸ್ವಲ್ಪ, ಮರುದಿನ ಇನ್ನು ಸ್ವಲ್ಪ, ಹೀಗೆ ಏರಿಸುತ್ತಾ ಬರೆದೆ. ಚೀಟಿಯ ಮಟ್ಟ ಮುಟ್ಟಲು ವಾರ ಹಿಡಿಯಿತು. ಗ್ರಾಫು ನುಣ್ಣಗೆ ಬಂದಿದೆ ಎಂದು ಸಾಹೇಬರು ಖುಷಿಪಟ್ಟರು. ನನ್ನಂಥ ಹೇಡಿಗೆ ಅಂಥ ಸಾಹೇಬರೇ ಸರಿ.

ತೂಬು ಎತ್ತಿದಾಗ ಅವಳ ತೆನೆಗಳು ಬೆಳ್ಳಗೆ ನೆಟ್ಟಗೆ ನಿಂತಿದ್ದವು. ಕಾಳು ತುಂಬಿದ್ದರೆ ಬಾಗುತ್ತಿದ್ದವು.

ಕಣದಲ್ಲಿ ಅವಳು ತೂರುವಾಗ ನಾನು ಹೋದೆ, ಯಾಕೆ ಹೋದೆನೋ ಗೊತ್ತಿಲ್ಲ. ಮೊರದಿಂದ ಬಿದ್ದದ್ದರಲ್ಲಿ ಬಹುಪಾಲು ಜೊಳ್ಳು, ಗಾಳಿ ಅದನ್ನು ಹೊತ್ತುಕೊಂಡು ಹೋಗುತ್ತಿತ್ತು. ನನ್ನ ಮುಖ ನೋಡಿ ಅವಳಿಗೇ ಕನಿಕರವಾಯಿತು. ಮೊರ ಕೆಳಗಿಟ್ಟು ಸಮಾಧಾನ ಮಾಡಿದಳು.

"ನೀವೇನ್ ಮಾಡ್ತೀರಿ ಬಿಡ್ರಿ. ನೀವು ಕಂಡದ್ದು ಬರದೀರಿ."

"ಹೌದವ್ವ," ಎಂದೆ. "ಕಂಡದ್ದ ಬರದೀನಿ."