ಹೆಸರಿಲ್ಲದ ಸ್ವಾಗತದ ಫ್ಲೆಕ್ಸ್

ತೊಂಬತ್ತೈದನೇ ಇಸವಿಯಲ್ಲಿ ಏಳನೇ ಕ್ಲಾಸಿಗೆ ಓದು ಬಿಟ್ಟು ಗ್ಯಾರೇಜ್ ಸೇರಿದೆ. ನಾಚಿಕೆಯೇನಿಲ್ಲ. ಭದ್ರಾವತಿಯಲ್ಲಿ ನನ್ನ ಕೈ ತಾಗದ ಆಟೋ ಕಡಿಮೆ. ಮಗಳು ಓದುವ ಸರ್ಕಾರಿ ಶಾಲೆಯ ಉಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿಗೆ ಪೋಷಕರೆಲ್ಲ ಸೇರಿ ನನ್ನನ್ನೇ ಅಧ್ಯಕ್ಷನನ್ನಾಗಿ ಮಾಡಿದರು. ನಾನು ಹಿಡಿದ ಹಟ ಒಂದೇ: ಏಳಕ್ಕೇ ನಿಲ್ಲುವ ನಮ್ಮ ಶಾಲೆಗೆ ಎಂಟನೇ ಕ್ಲಾಸ್ ಬೇಕು. ಹೈಸ್ಕೂಲ್ ದೂರ, ಏಳು ಮುಗಿಸಿ ಮನೆಯಲ್ಲೇ ಉಳಿದ ಹುಡುಗಿಯರು ಬೀದಿಗೆ ಇಬ್ಬರು ಮೂವರಿದ್ದರು. ಮಗಳು ಆಗ ಐದರಲ್ಲಿದ್ದಳು.

ಶಿಫಾರಸು ಮಾಡಬೇಕಾದವರು ತಾಲ್ಲೂಕಿನ ಶಾಲೆಗಳನ್ನೆಲ್ಲ ನೋಡಿಕೊಳ್ಳುವ ಬಿಇಒ ಸಾಹೇಬರು. ಅವರೋ, ನಿಂತರೆ ತಾನೆ! ಒಬ್ಬರು ಬಡ್ತಿ ಸಿಕ್ಕಿ ಶಿವಮೊಗ್ಗಕ್ಕೆ ಹೋದರು. ಇನ್ನೊಬ್ಬರು ತಮ್ಮೂರ ಹತ್ತಿರಕ್ಕೆ ವರ್ಗ ಮಾಡಿಸಿಕೊಂಡರು. ಆಮೇಲಿನವರು, "ನಾನು ಪ್ರಭಾರ ಕಣ್ರೀ, ಕಾಯಂ ಆದವರು ಬರಲಿ" ಅಂದರು. ಒಮ್ಮೆಯಂತೂ ಹೆಸರು ಹಾಕಿಸಿದ ಸ್ವಾಗತದ ಫ್ಲೆಕ್ಸ್ ಕಟ್ಟುವ ಮೊದಲೇ ಆ ಹೆಸರಿನವರು ಹೊರಟಿದ್ದರು. ಅಲ್ಲಿಂದಾಚೆ ನಮ್ಮ ಮುಖ್ಯ ಶಿಕ್ಷಕಿ 'ನೂತನ ಬಿಇಒ ಅವರಿಗೆ ಸ್ವಾಗತ' ಅಂತಷ್ಟೇ ಬರೆಸಿ, ಸುತ್ತಿ ಬೀರುವಿನ ಮೇಲಿಟ್ಟರು. ಯಾರು ಬಂದರೂ ಅದೇ.

ಮಗಳು ಏಳಕ್ಕೆ ಬಂದ ವರ್ಷ ಮತ್ತೊಬ್ಬರು ಬಂದರು.

"ಫ್ಲೆಕ್ಸ್ ಕಟ್ಟಿಸಿ ಅಧ್ಯಕ್ಷರೇ" ಅಂದರು ಮೇಡಂ.

"ಈ ಸಲ ಇಲ್ಲ ಮೇಡಂ. ಮೊದಲು ಕೆಲಸ ಆಗ್ಲಿ."

"ಅಯ್ಯೋ, ಸಾಹೇಬ್ರಿಗೆ ಬೇಜಾರಾದ್ರೆ?"

"ಆಗ್ಲಿ ಬಿಡಿ. ಹೆಂಗಿದ್ರೂ ಹೋಗೋರು!"

ಫ್ಲೆಕ್ಸನ್ನು ಕಂಕುಳಲ್ಲಿಟ್ಟುಕೊಂಡು ಆಫೀಸಿಗೆ ಹೋಗಿ ಸಾಹೇಬರ ಮೇಜಿನ ಮೇಲೆಯೇ ಬಿಡಿಸಿದೆ. "ಸಾರ್, ನಿಮ್ಮ ಹಿಂದಿನವರಿಗೂ ಇದನ್ನೇ ಕಟ್ಟಿದ್ವಿ, ಮುಂದಿನವರಿಗೂ ಇದೇ. ಅಷ್ಟರೊಳಗೆ ನನ್ನ ಮಗಳಿಗೆ ಎಂಟನೇ ಕ್ಲಾಸ್ ಬೇಕು."

ಗುಮಾಸ್ತರು ಗಾಬರಿಯಾಗಿ ಎದ್ದು ನಿಂತರು. ಸಾಹೇಬರ ಮುಖ ಬಿಗಿಯಿತು. ಆಮೇಲೆ ಏನನ್ನಿಸಿತೋ, ನಕ್ಕರು. "ನಾವೇನು ಎಲ್ಲಾ ವರ್ಗಾವಣೆ ಕೇಳಿ ತಗೋತೀವಾ ಮಾರಾಯ? ನನ್ನ ಮಗ ಒಂದು ಶಾಲೇಲಿ ನೆಟ್ಟಗೆ ಎರಡು ವರ್ಷ ಕೂತಿಲ್ಲ."

"ಹಂಗಾದ್ರೆ ನನ್ನ ಸಂಕಟ ನಿಮಗೆ ಗೊತ್ತಾಗುತ್ತೆ. ಬನ್ನಿ, ಈಗಲೇ ಶಾಲೆ ನೋಡಿ."

ಬಂದರು, ನೋಡಿದರು, ಶಿಫಾರಸು ಕಳಿಸಿದರು. ನಾನೂ ಗ್ಯಾರೇಜ್ ಬಾಗಿಲು ಹಾಕಿ, ಶಿವಮೊಗ್ಗದ ಬಸ್ ಹತ್ತಿ ಆ ಶಿಫಾರಸಿನ ಬೆನ್ನು ಬಿದ್ದೆ. ಜಿಲ್ಲಾ ಕಚೇರಿಯ ಜವಾನ "ಮತ್ತೆ ಬಂದ್ರಾ?" ಅಂತ ಕುರ್ಚಿ ಎಳೆದು ಕೊಡುವಷ್ಟು ಸಲ ಹೋದೆ. ಆದೇಶ ಬಂತು. ಅದೇ ತಿಂಗಳು ಸಾಹೇಬರಿಗೂ ವರ್ಗವಾಯಿತು.

ಓದದವನಿಗೆ ಆಫೀಸಿನಲ್ಲಿ ಮಾತಾಡೋಕೆ ಬರಲ್ಲ ಅಂತ ಆಡಿಕೊಳ್ಳುವವರು ಈಗಲೂ ಇದ್ದಾರೆ. ಆಡಿಕೊಳ್ಳಲಿ. ನನಗೀಗ ಒಂದು ಗ್ಯಾರೇಜಿದೆ, ಇಬ್ಬರು ಕೆಲಸದವರಿದ್ದಾರೆ, ಎಂಟನೇ ಕ್ಲಾಸಿನಲ್ಲಿ ಕೂತ ಒಬ್ಬಳು ಮಗಳಿದ್ದಾಳೆ. ಅವಳ ಜೊತೆ ಇನ್ನೂ ಹದಿನೇಳು ಹುಡುಗಿಯರು.